ಬೈಂಡರಣ್ಣನ ಎಡಗೈ

ಕಾಗದದ ಕಟ್ಟು ಎಲ್ಲಿ ಕಂಡರೂ ಅದರ ಅಂಚುಗಳನ್ನು ಸಮ ಮಾಡದೆ ಬೈಂಡರಣ್ಣನಿಗೆ ಮಾತು ಹೊರಡುತ್ತಿರಲಿಲ್ಲ. ನಾನು ಬೆರಳಚ್ಚುಗಾರನಾಗಿದ್ದ ವಕೀಲರ ಕಚೇರಿಗೆ ಅವರು ಮೊದಲ ಸಲ ಬಂದ ದಿನ, ನನ್ನ ಯಂತ್ರದ ಪಕ್ಕದಲ್ಲಿ ಅಡ್ಡಾದಿಡ್ಡಿ ಬಿದ್ದಿದ್ದ ನಕಲು ಪ್ರತಿಗಳನ್ನು ಬಲಗೈಯಿಂದ ಬಾಚಿ, ಎದೆಗೆ ಆನಿಸಿ, ಮೇಜಿನ ಮೇಲೆ ಎರಡು ಸಲ ಮೆಲ್ಲಗೆ ಕುಟ್ಟಿ, ನಾಲ್ಕು ಅಂಚೂ ಕೂಡಿಕೊಂಡ ಮೇಲಷ್ಟೇ "ನಮಸ್ಕಾರ" ಎಂದರು. ಆ ನಮಸ್ಕಾರಕ್ಕೆ ಜೋಡಿಸಲು ಇನ್ನೊಂದು ಕೈ ಇರಲಿಲ್ಲವೆಂಬುದು ನನ್ನ ಗಮನಕ್ಕೆ ಬಂದದ್ದು ಆಗಲೇ.

ಅವರು ಮೂವತ್ತೊಂದು ವರ್ಷ ಒಂದೇ ಮುದ್ರಣಾಲಯದಲ್ಲಿ ಪುಸ್ತಕ ಕಟ್ಟಿದವರು. ನಡಿಗೆಯಲ್ಲಿ ಬಲಕ್ಕೆ ತುಸು ವಾಲು. ಹೋದ ಕೈಯ ಭಾರಕ್ಕೆ ಒಗ್ಗಿದ್ದ ದೇಹ ಇನ್ನೂ ಹೊಸ ಸಮತೋಲವನ್ನು ಕಲಿತಿರಲಿಲ್ಲ. ಮೈಮೇಲೆ ಸದಾ ಒಂದು ಬೂದುಬಣ್ಣದ ಕೋಟು. ಅದರ ಖಾಲಿ ಎಡತೋಳು ಬಾಗಿಲಿನ ಚಿಲಕಕ್ಕೆ, ಕುರ್ಚಿಯ ಬೆನ್ನಿಗೆ ಸಿಕ್ಕಿಕೊಳ್ಳುತ್ತಿತ್ತು. ಅದನ್ನು ಮಡಚಿ ಹೊಲಿದುಬಿಡುತ್ತೇನೆಂದು ಹೆಂಡತಿ ಸೂಜಿ ಹಿಡಿದು ಎಷ್ಟು ಸಲ ಕೂತರೂ ಅವರು ಒಪ್ಪಲಿಲ್ಲ. "ಟೈಲರು ಎರಡು ತೋಳು ಅಂತ ಹೊಲಿದಿದಾನೆ. ಕೋಟಿನದ್ದೇನು ತಪ್ಪು?" ಎನ್ನುತ್ತಿದ್ದರು. ಜೊತೆಗೆ ಕಚೇರಿಗೆ ಬಂದಾಗಲೆಲ್ಲ ಆಕೆ ನನ್ನತ್ತ ತಿರುಗಿ, "ಇವರ ತಲೆಯಲ್ಲಿ ಏನು ಓಡ್ತಿದೆಯೋ ನನಗಂತೂ ತಿಳಿಯಲ್ಲಪ್ಪ" ಎಂದು ನಿಟ್ಟುಸಿರುಬಿಡುತ್ತಿದ್ದಳು.

ತಲೆಯಲ್ಲಿ ಓಡುತ್ತಿದ್ದುದು ಒಂದೇ ಬೆಳಿಗ್ಗೆ. ಕಾಗದ ಕತ್ತರಿಸುವ ಯಂತ್ರದ ಅಲಗನ್ನು ಆ ದಿನ ಮಸೆಸಿ ತಂದು ಕೂರಿಸಿದ್ದರು. ಅದಕ್ಕಾಗಿ ಮುಂದಿನ ತಡೆಪಟ್ಟಿಯನ್ನು ಬಿಚ್ಚಬೇಕಾಗಿತ್ತು. ಕೈ ಅಲಗಿನ ಕೆಳಗೆ ಹೋಗದಂತೆ ಕಾಯುವುದು ಆ ಕಬ್ಬಿಣದ ಪಟ್ಟಿಯೇ. ಶಾಲೆಯ ಪುಸ್ತಕಗಳು ಮಧ್ಯಾಹ್ನದೊಳಗೆ ಲಾರಿ ಹತ್ತಬೇಕಿತ್ತು. ಪಟ್ಟಿಯನ್ನು ಬಿಚ್ಚಿದ್ದು ತಾವೇ ಎಂಬುದು ಬೈಂಡರಣ್ಣನಿಗೆ ಚೆನ್ನಾಗಿ ನೆನಪಿತ್ತು. ಮರಳಿ ಹಾಕಲು ನಾಲ್ಕು ಸ್ಕ್ರೂಗಳನ್ನು ಅಂಗೈಗೆ ತೆಗೆದುಕೊಂಡದ್ದೂ ನೆನಪಿತ್ತು. ಆ ಹೊತ್ತಿಗೆ "ಆಮೇಲೆ ಹಾಕಿದ್ರಾಯ್ತು, ಮೊದಲು ಇದನ್ನ ಮುಗಿಸು" ಎಂದು ಒಂದು ದನಿ ಕೇಳಿತ್ತು. ಅದು ಬೆನ್ನ ಹಿಂದೆ ನಿಂತಿದ್ದ ಮುದ್ರಣಾಲಯದ ಯಜಮಾನರದ್ದೋ, ಅವಸರದಲ್ಲಿದ್ದ ತಮ್ಮ ಮನಸ್ಸಿನದ್ದೋ ಎಂಬುದು ಮಾತ್ರ ಎಷ್ಟು ಕೆದಕಿದರೂ ತಿಳಿಯುತ್ತಿರಲಿಲ್ಲ. ಸ್ಕ್ರೂಗಳು ಆಸ್ಪತ್ರೆಯಲ್ಲಿ ಅಂಗಿಯ ಜೇಬಿನಲ್ಲಿ ಸಿಕ್ಕಿದವು. ನರ್ಸಮ್ಮ ಅವನ್ನು ಹತ್ತಿಯಲ್ಲಿ ಸುತ್ತಿ ಹೆಂಡತಿಯ ಕೈಗೆ ಕೊಟ್ಟಿದ್ದಳು.

ಅವರಿಗೆ ಅರ್ಥವಾಗದ ಸಂಗತಿಗಳು ಅಲ್ಲಿಂದ ಸಾಲುಗಟ್ಟಿದವು. ರಕ್ತ ಸೋರುತ್ತಿದ್ದ ತೋಳನ್ನು ತಮ್ಮ ಮಡಿಲಲ್ಲಿ ಹಿಡಿದುಕೊಂಡು ಆಸ್ಪತ್ರೆಯವರೆಗೂ ಅತ್ತುಕೊಂಡೇ ಬಂದಿದ್ದ ಯಜಮಾನರ ರುಜುವೇ, ಪರಿಹಾರ ಕೇಳಿ ಹಾಕಿದ ಅರ್ಜಿಗೆ ಮೂರು ತಿಂಗಳ ಮೇಲೆ ಬಂದ ಉತ್ತರದ ಕೆಳಗಿತ್ತು: ಅರ್ಜಿದಾರನು ಬೇಕೆಂದೇ ತಡೆಪಟ್ಟಿಯನ್ನು ತೆಗೆದಿಟ್ಟಿದ್ದಾನೆ, ಆದ್ದರಿಂದ ಪರಿಹಾರಕ್ಕೆ ಅರ್ಹನಲ್ಲ. "ಅವರ ವಿಮೆ ಕಂಪನಿಯವರು ಬರೆದದ್ದಕ್ಕೆ ಅವರು ರುಜು ಹಾಕಿರ್ತಾರೆ, ಮನಸ್ಸಿಗೆ ಹಚ್ಕೋಬೇಡಿ" ಎಂದು ವಕೀಲರು ಸಮಾಧಾನ ಹೇಳಿದರು. "ಅದು ಸರಿ, ಆದ್ರೆ ಓದಿರ್ತಾರಲ್ಲ?" ಎಂದರು ಬೈಂಡರಣ್ಣ. ಒಬ್ಬ ವೈದ್ಯರು ನೂರಕ್ಕೆ ಅರವತ್ತು ಅಂಗವೈಕಲ್ಯವೆಂದು ಬರೆದರೆ, ವಿಮೆಯ ವೈದ್ಯರು ಬಲಗೈ ಉಳಿದಿದೆಯೆಂದು ಅದನ್ನು ನಲವತ್ತಕ್ಕೆ ಇಳಿಸಿದರು. ಪೂರ್ತಿ ಹೋದ ಕೈ ಕಾಗದದ ಮೇಲೆ ಹೀಗೆ ಮತ್ತೆ ಬೆಳೆಯುವುದು ಹೇಗೆಂದು ಅವರು ನನ್ನನ್ನು ಗಂಭೀರವಾಗಿ ಕೇಳಿದರು. ಇನ್ನೊಮ್ಮೆ, ಪ್ರಮಾಣಪತ್ರಕ್ಕೆ ರುಜು ಹಾಕುವಾಗ ಲೇಖನಿಯನ್ನು ಕೆಳಗಿಟ್ಟು, "ಎಡಗೈ ಇಲ್ಲ ಅಂತ ಟೈಪ್ ಮಾಡಿದೀರಿ. ಆದ್ರೆ ಹೆಬ್ಬೆರಳು ಈಗಲೂ ತುರಿಸ್ತಿದೆ. ಇದು ಸುಳ್ಳು ಹೇಳಿದ ಹಾಗೆ ಆಗಲ್ವಾ?" ಎಂದರು. ನಗಬೇಕೆಂದುಕೊಂಡ ನನಗೆ ಅವರ ಮುಖ ನೋಡಿ ನಗು ಬರಲಿಲ್ಲ.

ವಿಚಾರಣೆಯ ಹಿಂದಿನ ದಿನ ವಕೀಲರು ಅವರನ್ನು ಎದುರಿಗೆ ಕೂರಿಸಿಕೊಂಡು ಬಿಡಿಸಿ ಹೇಳಿದರು. ಬೇಕೆಂದೇ ಪಟ್ಟಿ ತೆಗೆದಿಟ್ಟರೆಂದು ಸಾಬೀತಾದರೆ ಪರಿಹಾರಕ್ಕೆ ಕಲ್ಲು ಬೀಳುತ್ತದೆ. ಯಜಮಾನರೇ ಹಾಗೆ ಹೇಳಿದರೆಂದರೆ ದಾವೆ ನೆಟ್ಟಗೆ ನಿಲ್ಲುತ್ತದೆ. "ಆ ದನಿ ಅವರದ್ದೇ ಅಂತ ಹೇಳಿಬಿಡಿ. ಹೇಗೂ ನಿಮಗೆ ಅರ್ಧ ಹಾಗೇ ಅನ್ನಿಸ್ತಿದೆಯಲ್ಲ." ಬೈಂಡರಣ್ಣ ವಕೀಲರ ಮೇಜಿನ ಮೇಲಿದ್ದ ಕಡತವನ್ನು ಕುಟ್ಟಿ ಕುಟ್ಟಿ ಸಮ ಮಾಡಿದರು. "ಅರ್ಧ ಅನ್ನಿಸ್ತಿದೆ, ಹೌದು" ಎಂದಷ್ಟೇ ಹೇಳಿ ಎದ್ದರು.

ವಿಚಾರಣೆಯ ಕೋಣೆ ಇಕ್ಕಟ್ಟಾಗಿತ್ತು. ಗೋಡೆಯುದ್ದಕ್ಕೂ ಕಡತಗಳನ್ನು ಪೇರಿಸಿಟ್ಟಿದ್ದರು. ಹೊರಗಿನ ಬೆಂಚಿನಲ್ಲಿ ಯಜಮಾನರು ಬೈಂಡರಣ್ಣನನ್ನು ಕಂಡೊಡನೆ ಸರಿದು ಜಾಗ ಕೊಟ್ಟು, "ಊಟ ಆಯ್ತಾ?" ಎಂದು ಕೇಳಿದರು. ಒಬ್ಬರ ಮೇಲೊಬ್ಬರು ಬರೆದದ್ದನ್ನು ಮರೆತವರಂತೆ ಇಬ್ಬರೂ ಪಕ್ಕಪಕ್ಕದಲ್ಲಿ ಕೂತರು. ಒಳಗೆ, ಕನ್ನಡಕವನ್ನು ಹಣೆಗೇರಿಸಿಕೊಂಡಿದ್ದ, ಅರ್ಜಿಯನ್ನು ತೀರ್ಮಾನಿಸಬೇಕಾದ ಅಧಿಕಾರಿಣಿಯ ಎದುರು ಎದುರಾಳಿ ವಕೀಲ ಕೇಳಿದ:

"ತಡೆಪಟ್ಟಿ ಬಿಚ್ಚಿದ್ದು ಯಾರು?"

"ನಾನೇ."

"ವಾಪಸ್ ಹಾಕಬೇಡ ಅಂತ ಯಾರಾದ್ರೂ ಹೇಳಿದ್ರಾ?"

ನಮ್ಮ ವಕೀಲರು ಕೆಮ್ಮಿದರು. ಬೈಂಡರಣ್ಣ ಕೋಟಿನ ಜೇಬಿನಿಂದ ನಾಲ್ಕು ಸ್ಕ್ರೂಗಳನ್ನು ತೆಗೆದು ಕಟಕಟೆಯ ಅಂಚಿನ ಮೇಲೆ ಸಾಲಾಗಿ ಇಟ್ಟರು. "ಇವು ನನ್ನ ಕೈಯಲ್ಲೇ ಇದ್ವು. ಆಮೇಲೆ ಹಾಕು ಅಂತ ಯಾರೋ ಅಂದ ಹಾಗೆ ನೆನಪು. ಯಜಮಾನ್ರು ಅಂದ್ರೋ, ನಾನೇ ಅಂದ್ಕೊಂಡ್ನೋ, ಗೊತ್ತಾಗ್ತಿಲ್ಲಮ್ಮ. ಅವರು ಇಲ್ಲೇ ಇದಾರಲ್ಲ, ಕೇಳಿ. ನನಗೂ ತಿಳಿಬೇಕು."

ನಮ್ಮ ವಕೀಲರು ತಲೆ ತಗ್ಗಿಸಿದರು. ಎದುರಾಳಿ ವಕೀಲನ ಮುಖ ಅರಳಿತು. ಆದರೆ ಅಧಿಕಾರಿಣಿ ಕನ್ನಡಕವನ್ನು ಕಣ್ಣಿಗಿಳಿಸಿ ಯಜಮಾನರತ್ತ ನೋಡಿದಾಗ, ಅವರು ಎದ್ದು ನಿಂತು, ತಮ್ಮ ವಕೀಲನತ್ತ ಒಮ್ಮೆ ತಿರುಗಿ, ಆಮೇಲೆ ಅವನನ್ನು ಬಿಟ್ಟು ಬೈಂಡರಣ್ಣನಿಗೇ ಹೇಳಿದರು: "ನನಗೂ ಸರಿಯಾಗಿ ನೆನಪಿಲ್ಲಪ್ಪ. ಆವತ್ತು ಬೆಳಿಗ್ಗೆಯಿಂದ ಎಲ್ಲರಿಗೂ ಬೇಗ ಬೇಗ ಅಂತಲೇ ಅಂತಿದ್ದೆ. ನಿನಗೂ ಅಂದಿರಬಹುದು."

ತಿಂಗಳ ಮೇಲೆ ಆದೇಶ ಬಂತು. ಬೇಕೆಂದು ಮಾಡಿದ್ದೆಂಬುದು ಸಾಬೀತಾಗಿಲ್ಲ; ಕೆಲಸದಲ್ಲಿದ್ದಾಗ ಆದ ಅಪಘಾತ; ಮೊದಲ ವೈದ್ಯರ ಲೆಕ್ಕದಂತೆಯೇ ಪರಿಹಾರ ಕೊಡತಕ್ಕದ್ದು. ಹೆಂಡತಿ ಕಣ್ಣೊರೆಸಿಕೊಂಡಳು. ಬೈಂಡರಣ್ಣ ಮಾತ್ರ ಆದೇಶದ ಹಾಳೆಗಳನ್ನು ಮುಂದಿನಿಂದ ಹಿಂದಕ್ಕೆ, ಹಿಂದಿನಿಂದ ಮುಂದಕ್ಕೆ ಮಗುಚಿ, "ತಪ್ಪು ಯಾರದು ಅಂತ ಎಲ್ಲೂ ಬರೆದಿಲ್ವಲ್ಲ?" ಎಂದರು.

"ಅದು ಬೇಕಾಗಿಲ್ಲ ಅಂತಲೇ ನೀವು ಗೆದ್ದಿರೋದು" ಎಂದರು ವಕೀಲರು.

"ಗೆದ್ದಿದ್ದು ಯಾರ ಮೇಲೆ?"

ವಕೀಲರು ಕಡತ ಮುಚ್ಚಿದರು. ಮುಂದಿನ ಕಕ್ಷಿಗಾರನನ್ನು ಕರೆದರು.

ಈಗ ಅವರು ಅದೇ ಮುದ್ರಣಾಲಯದಲ್ಲಿ, ಹೊಲಿಗೆಗೆ ಹೋಗುವ ಮುನ್ನ ಪುಟಗಳ ಕ್ರಮವನ್ನು ನೋಡುವ ಕೆಲಸದಲ್ಲಿದ್ದಾರೆ. ಸಂಜೆಯ ಚಹಾದ ವೇಳೆಗೆ ಯಜಮಾನರು ಬಂದು ಎದುರಿನ ಸ್ಟೂಲಿನ ಮೇಲೆ ಕೂರುತ್ತಾರಂತೆ. ನಾನು ಎಲ್ಲಿ ನಿಂತಿದ್ದೆ, ನೀನು ಯಾವ ಕಡೆ ತಿರುಗಿದ್ದೆ, ಆಗ ಮುದ್ರಣಯಂತ್ರ ಓಡುತ್ತಿತ್ತೋ ನಿಂತಿತ್ತೋ ಎಂದು ಇಬ್ಬರೂ ಆ ಬೆಳಿಗ್ಗೆಯನ್ನು ಮತ್ತೆ ಜೋಡಿಸಲು ನೋಡುತ್ತಾರಂತೆ. ಪ್ರತಿ ಸಲವೂ ಒಂದು ಕ್ಷಣದಷ್ಟು ಜಾಗ ಖಾಲಿ ಉಳಿಯುತ್ತದೆ. ಜಗಳವಾಡುವುದಿಲ್ಲ; ನಾಳೆ ನೋಡೋಣವೆಂದು ಲೋಟ ಕೆಳಗಿಟ್ಟು ಏಳುತ್ತಾರೆ.

ಆ ಕಚೇರಿಯಲ್ಲಿ ಕೂತು ನಾನು ಸಾವಿರಾರು ದೂರುಗಳನ್ನು ಬೆರಳಚ್ಚು ಮಾಡಿದ್ದೇನೆ. ನ್ಯಾಯದ ಮೆಟ್ಟಿಲೇರುವವರಲ್ಲಿ ಬಹುಪಾಲು ಜನ ತಮಗೆ ಖಚಿತವಾಗಿ ಗೊತ್ತಿರುವುದನ್ನು ಲೋಕದಿಂದ ಒಪ್ಪಿಸಿಕೊಳ್ಳಲು ಬರುತ್ತಾರೆ. ತಮಗೆ ಗೊತ್ತಿಲ್ಲದ್ದನ್ನು ತಿಳಿಯಲು ಬರುವವರು ಬೆರಳೆಣಿಕೆಯಷ್ಟು. ಇಂಥವರನ್ನು ಕಂಡರೆ ವಕೀಲರಿಗೆ ತಲೆನೋವು, ಮನೆಯವರಿಗೆ ಚಿಂತೆ. ಕಾನೂನು ಅವರಿಗೆ ಕೊಡಬೇಕಾದದ್ದನ್ನು ಕೊಟ್ಟ ಮೇಲೂ ಅವರು ಏನೋ ಬಾಕಿಯುಳಿದವರಂತೆ ಬಾಗಿಲಲ್ಲೇ ನಿಂತಿರುತ್ತಾರೆ. ಅವರ ಗೊಂದಲ ಬಗೆಹರಿಯುವುದನ್ನು ನಾನು ಕಂಡಿಲ್ಲ. ಆದರೆ ಅವರು ಕೈಗೆ ಸುಲಭವಾಗಿ ಎಟಕುವ ಅರ್ಧಸತ್ಯವನ್ನು ಇಡೀ ಸತ್ಯವೆಂದು ಎತ್ತಿ, ಎದುರಿಗೆ ಕೂತವನ ತಲೆಯ ಮೇಲೆ ಹಾಕಿ ಹಗುರಾಗುವುದನ್ನೂ ಕಂಡಿಲ್ಲ.