ನೋಡದೆಯೇ ನನ್ನನ್ನು ಕೊಂಡವನು

ಹುಟ್ಟಿದಾಗ ನನ್ನ ಬೆಲೆ ಮೂರು ಲಕ್ಷದ ತೊಂಬತ್ತೆರಡು ಸಾವಿರ ರೂಪಾಯಿ. ರಸ್ತೆ ತೆರಿಗೆ, ವಿಮೆ, ಸೀಟಿನ ಕವರು ಎಲ್ಲ ಬೇರೆ. ಎರಡನೆಯ ಕೈಗೆ ಹೋದಾಗ ಎರಡು ಲಕ್ಷ ಮೂವತ್ತು ಸಾವಿರ. ಮೂರನೆಯವರು ಕೊಟ್ಟದ್ದು ಒಂದು ಲಕ್ಷ ಎಂಬತ್ತು. ನಾನು ಒಂದು ಬಿಳಿಯ ಸಣ್ಣ ಕಾರು. ಚಿನ್ನ ಬೀರುವಿನಲ್ಲಿ ಸುಮ್ಮನೆ ಮಲಗಿದ್ದೇ ಬೆಲೆ ಏರಿಸಿಕೊಳ್ಳುತ್ತದೆ. ನಾನು ದಿನಾ ದುಡಿದೂ ಇಳಿಯುತ್ತಲೇ ಬಂದೆ. ಅದಕ್ಕೆ ಬೇಸರವೇನಿಲ್ಲ, ಕಾರಿನ ಬದುಕೇ ಹಾಗೆ.

ಕಾರ್ಖಾನೆಯಿಂದ ಹೊರಬಿದ್ದವನು ಮೊದಲು ಸೇರಿದ್ದು ಹಾಸನದ ಬಟ್ಟೆ ವ್ಯಾಪಾರಿ ಸಂಪತ್ ಶೆಟ್ಟರ ಮನೆ. ಅವರು ಒಳಗೆ ಕೂರುವ ಮೊದಲು ಚಪ್ಪಲಿ ಬಿಡುತ್ತಿದ್ದರು. ಆಮೇಲೆ ಡ್ರೈವಿಂಗ್ ಶಾಲೆಯೊಂದಕ್ಕೆ ಹೋದೆ. ಅಲ್ಲಿ ಊರಿನ ಅರ್ಧ ಜನ ನನ್ನ ಕ್ಲಚ್ಚಿನ ಮೇಲೆ ಕಲಿತರು, ಇನ್ನರ್ಧ ಜನ ನನ್ನ ಬಂಪರಿನ ಮೇಲೆ. ಈ ಎರಡು ಮಾರಾಟದಲ್ಲೂ ನಾನು ಒಂದು ಸಂಗತಿ ಕಂಡುಕೊಂಡೆ. ಕೊಳ್ಳುವವನು ಕಾಲಿನಿಂದ ಟೈರು ಒದೆಯುತ್ತಾನೆ, ಬಾನೆಟ್ಟು ಎತ್ತಿಸುತ್ತಾನೆ, ಬಗ್ಗಿ ಹೊಟ್ಟೆಯ ಕೆಳಗೆ ನೋಡುತ್ತಾನೆ, ಇಲ್ಲದ ಸದ್ದು ಕೇಳಿಸಿಕೊಂಡು ಮುಖ ಹುಳ್ಳಗೆ ಮಾಡುತ್ತಾನೆ. ನಮಗೆ ಅವಮಾನವೆನಿಸುತ್ತದೆ, ನಿಜ. ಆದರೆ ಹಾಗೆ ಅವಮಾನ ಮಾಡುವವನೇ ಕೊನೆಗೆ ಜೇಬಿಗೆ ಕೈ ಹಾಕುವವನು.

ಮೂರನೆಯ ಮನೆ ತಿಪಟೂರಿನ ಗಂಗಾಂಬಿಕೆಯದು. ಮದುವೆ, ಗೃಹಪ್ರವೇಶಗಳಿಗೆ ಹೋಳಿಗೆ ಊಟ ಮಾಡಿಕೊಡುವುದು ಅವಳ ಕಸುಬು. ಗಂಡ ಪಂಚಾಕ್ಷರಿ ಕೊಬ್ಬರಿ ಮಂಡಿಯಲ್ಲಿ ತೂಕ ಹಾಕುತ್ತಾನೆ. ನನ್ನ ಹಿಂದಿನ ಸೀಟು ಮಡಚಿ ಪಾತ್ರೆಗಳನ್ನು ಒಂದರ ಮೇಲೊಂದು ಇಟ್ಟು ಅವಳೇ ಓಡಿಸುತ್ತಿದ್ದಳು. ತಿರುವಿನಲ್ಲಿ ಸಾರು ತುಳುಕಿದರೆ ನನಗೇ ಬೈಗುಳ. ಆರ್ಡರು ದೊಡ್ಡದಾದಂತೆ ನಾನು ಚಿಕ್ಕವನಾದೆ. ಪ್ರತಿ ಮದುವೆಗೂ ಬಾಡಿಗೆ ಟೆಂಪೊ ತಂದರೆ ಲಾಭವೆಲ್ಲ ಅದಕ್ಕೇ ಹೋಗುತ್ತಿತ್ತು. ಹಾಗಾಗಿ ಅವಳು ಸ್ವಂತಕ್ಕೆ ಒಂದು ಸಣ್ಣ ಟೆಂಪೊ ಬುಕ್ ಮಾಡಿದಳು. ನನ್ನನ್ನು ಮಾರಿದ ದುಡ್ಡಿಗೆ ಬ್ಯಾಂಕಿನಲ್ಲಿದ್ದ ಐವತ್ತು ಸಾವಿರ ಸೇರಿಸಿ ಡೌನ್ ಪೇಮೆಂಟು ಕಟ್ಟಬೇಕು. ಮಾಘದ ಮದುವೆಗಳು ಶುರುವಾಗುವ ಮೊದಲೇ ಗಾಡಿ ಮನೆಗೆ ಬರಬೇಕು. ಇದು ಅವಳ ಲೆಕ್ಕ, ಸರಿಯಾದ ಲೆಕ್ಕವೇ.

ನನ್ನನ್ನು ತೊಳೆದು, ನಾಲ್ಕೂ ದಿಕ್ಕಿನಿಂದ ಫೋಟೊ ತೆಗೆದು ಆನ್‌ಲೈನಿನಲ್ಲಿ ಹಾಕಿದರು. ಬೆಲೆ ಒಂದು ಲಕ್ಷ ನಲವತ್ತೈದು ಸಾವಿರ.

ಮೊದಲು ಬಂದವರು ಬಾಳೆಹಣ್ಣಿನ ವ್ಯಾಪಾರಿ ಮುನೀರ್ ಪಾಷ. ಬಂದವರೇ ನೆಲಕ್ಕೆ ಮಲಗಿ ನನ್ನ ಅಡಿ ನೋಡಿದರು.

"ಅಕ್ಕಾ, ಬಾಗಿಲ ಕೆಳಗೆಲ್ಲ ತುಕ್ಕು. ಟೈರು ನೋಡಿ, ನನ್ನ ತಲೆ ಥರ ಬೋಳಾಗಿದೆ."

"ನಿಮ್ಮ ತಲೇನ ಯಾರೂ ಕೇಳಲಿಲ್ಲ ಮುನೀರಣ್ಣ. ರೇಟು ಹೇಳಿ."

"ಒಂದು ಇಪ್ಪತ್ತೆರಡು. ಈಗಲೇ ಎಣಿಸಿಬಿಡ್ತೀನಿ."

"ಇದು ಕಾರು, ನಿಮ್ಮ ಬಾಳೆಗೊನೆ ಅಲ್ಲ. ಹೋಗಿ ಹೋಗಿ."

ಅವರು ನಗುತ್ತ, "ನಾಳೆ ಒಂದು ಟೀ ಇಟ್ಟಿರಿ, ಎರಡು ಸಾವಿರ ಜಾಸ್ತಿ ಮಾಡ್ತೀನಿ," ಎಂದು ಹೋದರು. ಇವರೇ ನನ್ನ ನಾಲ್ಕನೆಯ ಯಜಮಾನರು ಎಂದುಕೊಂಡೆ.

ಮರುದಿನ ಶುಕ್ರವಾರ. ಅಡುಗೆಮನೆಯಲ್ಲಿ ಗ್ರೈಂಡರಿನ ಸದ್ದು. ಫೋನು ಬಂದರೆ ಗಂಗಾಂಬಿಕೆ ನನ್ನೊಳಗೆ ಕೂತು ಗಾಜು ಏರಿಸಿಕೊಂಡು ಮಾತಾಡುವುದು ವಾಡಿಕೆ. ಹಾಗಾಗಿ ಅವತ್ತು ಕಾರು ಕೇಳಿ ಬಂದ ಫೋನಿನ ದನಿಯನ್ನು ನಾನೂ ಪೂರ್ತಿ ಕೇಳಿದೆ. ಬಲು ವಿನಯದ ದನಿ. ತಾನು ಬಂದರಿನ ಕೆಲಸದ ಕಂಟ್ರಾಕ್ಟರು, ತುಮಕೂರಿನ ತಂಗಿಗೆ ಕಾರು ಬೇಕು, ತನಗೆ ಬರಲು ಪುರಸೊತ್ತಿಲ್ಲ, ಲಾರಿ ಕಳಿಸಿ ತರಿಸಿಕೊಳ್ಳುತ್ತೇನೆ ಎಂದ.

"ರೇಟು ಸ್ವಲ್ಪ ಆಚೆ ಈಚೆ..." ಎಂದು ಅವಳೇ ಶುರು ಮಾಡಿದಳು.

"ಬೇಡಮ್ಮಾ. ನೀವು ಹೇಳಿದ್ದೇ ರೇಟು. ಅಡುಗೆ ಮಾಡಿ ಬದುಕೋರ ಹತ್ರ ಚೌಕಾಸಿ ಮಾಡಬಾರದು."

ನನ್ನ ತುಕ್ಕಿನ ಬಗ್ಗೆ ಕೇಳಲಿಲ್ಲ. ಎಷ್ಟು ಓಡಿದ್ದೇನೆ ಎಂದು ಕೇಳಲಿಲ್ಲ. ಸ್ಟಾರ್ಟ್ ಮಾಡಿ ಸದ್ದು ಕೇಳಿಸಿ ಎನ್ನಲಿಲ್ಲ. ಕೇಳಿದ್ದು ಬ್ಯಾಂಕಿನ ಖಾತೆ ನಂಬರು, ಆರ್‌ಸಿ ಬುಕ್ಕಿನ ಫೋಟೊ, ಅಷ್ಟೇ. ನನ್ನ ಎಂಜಿನ್ನು ತಣ್ಣಗಿತ್ತು, ಇನ್ನಷ್ಟು ತಣ್ಣಗಾಯಿತು. ಹಾರ್ನ್ ನನಗೂ ಇದೆ, ಆದರೆ ಒತ್ತುವ ಕೈ ಅವಳದೇ.

ಮಧ್ಯಾಹ್ನ ಟೀಗೆ ಬಂದ ಮುನೀರರಿಗೆ, "ನಿಮಗಿಂತ ಒಳ್ಳೆಯವರು ಸಿಕ್ಕಿದ್ರು, ಕಾರು ಹೋಯ್ತು ಅನ್ಕೊಳ್ಳಿ," ಎಂದಳು. ಅವರ ಮುಖ ಸಪ್ಪಗಾಯಿತು. ಟೀ ಮುಗಿಸದೆ ಎದ್ದರು.

ಸಂಜೆ ಅವಳ ಫೋನಿಗೆ ಸಂದೇಶ ಬಂತು: ನಿಮ್ಮ ಖಾತೆಗೆ ಒಂದು ಲಕ್ಷ ತೊಂಬತ್ತಮೂರು ಸಾವಿರ ರೂಪಾಯಿ ಜಮೆಯಾಗಿದೆ. ಅದರ ಬೆನ್ನಿಗೇ ಆ ದನಿ.

"ಅಮ್ಮಾ, ದೊಡ್ಡ ಎಡವಟ್ಟಾಯ್ತು. ಲಾರಿಯವನಿಗೆ ಹೋಗಬೇಕಾದ ನಲವತ್ತೆಂಟು ಸಾವಿರಾನೂ ನಮ್ಮ ಹುಡುಗ ನಿಮಗೇ ಹಾಕಿಬಿಟ್ಟಿದ್ದಾನೆ. ಲಾರಿಯವನು ದಾರಿಯಲ್ಲಿ ಡೀಸೆಲ್ ಇಲ್ಲದೆ ನಿಂತಿದ್ದಾನೆ. ಅವನ ನಂಬರು ಕಳಿಸ್ತೀನಿ, ಅದಕ್ಕೆ ಹಾಕಿಬಿಡ್ತೀರಾ?"

ಪಂಚಾಕ್ಷರಿ ನನ್ನ ಕಿಟಕಿಗೆ ಬಗ್ಗಿ ಮೆಲ್ಲಗೆ ಹೇಳಿದ. "ಗಂಗಾ, ನಾಳೆ ಬೆಳಿಗ್ಗೆ ಬ್ಯಾಂಕಲ್ಲಿ ಪಾಸ್‌ಬುಕ್ ಎಂಟ್ರಿ ಹಾಕಿಸಿ ಆಮೇಲೆ ಕಳಿಸೋಣ."

ಅವಳಿಗೂ ಅದು ಸರಿಯೆನಿಸಿತು. "ನಾಳೆ ಹಾಕ್ತೀನಪ್ಪ," ಎಂದಳು ಫೋನಿಗೆ. "ಇವತ್ತು ಶುಕ್ರವಾರ. ದೀಪ ಹಚ್ಚಿದ ಮೇಲೆ ನಮ್ಮಲ್ಲಿ ದುಡ್ಡು ಹೊರಗೆ ಕೊಡಲ್ಲ."

ಅತ್ತಲಿಂದ ತಕ್ಷಣ, "ಅಯ್ಯೋ, ಹಾಗಾದರೆ ದೀಪ ಹಚ್ಚೋ ಮೊದಲೇ ಹಾಕಿಬಿಡಿ ತಾಯೀ. ಲಕ್ಷ್ಮಿ ಹೊತ್ತಲ್ಲಿ ಇನ್ನೊಬ್ಬರ ದುಡ್ಡು ನಿಮ್ಮ ಮನೇಲಿ ಯಾಕಿರಬೇಕು?"

ಅವಳು ಕೊಟ್ಟ ಹಗ್ಗದಲ್ಲೇ ಅವಳನ್ನು ಕಟ್ಟಿದ. ಶುಕ್ರವಾರದ ಸಂಜೆ ಕೈಯಿಂದ ದುಡ್ಡು ಬಿಡಬಾರದು, ಮಂದಿಯ ದುಡ್ಡು ಮನೆಯಲ್ಲಿ ಇಟ್ಟುಕೊಳ್ಳಬಾರದು. ಎರಡೂ ಅವಳ ಅಮ್ಮ ಹೇಳಿಕೊಟ್ಟದ್ದು. ಎರಡನ್ನೂ ಕಾಪಾಡಲು ಉಳಿದದ್ದು ಸೂರ್ಯ ಮುಳುಗುವವರೆಗಿನ ಚೂರು ಬೆಳಕು.

"ತಡೀರಿ, ಮೊದಲು ಇದನ್ನ ಕಳಿಸಿ ಕೈ ತೊಳ್ಕೊಂಡು ದೀಪ ಹಚ್ತೀನಿ," ಎಂದು ಗಂಡನಿಗೆ ಹೇಳಿ, ದುಡ್ಡು ಕಳಿಸಿಯೇಬಿಟ್ಟಳು.

ಕಳಿಸಿದ ಮೇಲೆ ಖಾತೆಯಲ್ಲಿ ಎಷ್ಟು ಉಳಿದಿದೆ ಎಂದು ಒತ್ತಿ ನೋಡಿದಳು. ಎರಡು ಸಾವಿರದ ಚಿಲ್ಲರೆ. ಮತ್ತೆ ಒತ್ತಿದಳು. ಅಷ್ಟೇ. ಬಂದಿದ್ದ ಸಂದೇಶ ಬ್ಯಾಂಕಿನದಾಗಿರಲಿಲ್ಲ. ಬ್ಯಾಂಕಿನ ಹೆಸರು ಬರೆದು ಯಾರೋ ಸಾಮಾನ್ಯ ನಂಬರಿನಿಂದ ಕಳಿಸಿದ್ದು. ಹೋದದ್ದು ಅವಳದೇ ಟೆಂಪೊ ದುಡ್ಡು. ಹಾಗೆ ಒಂದು ನಿಮಿಷ ಮೊದಲು ಒತ್ತಿ ನೋಡಿದ್ದರೆ ಸಾಕಿತ್ತು.

ಆ ದಿನ ಮನೆಯಲ್ಲಿ ದೀಪ ಹಚ್ಚಿದವನು ಪಂಚಾಕ್ಷರಿ. ಅವಳು ನನ್ನೊಳಗೇ ಕೂತಿದ್ದಳು. "ಒಳ್ಳೆ ಮಾತಾಡಿದ್ದ ಕಣ್ರೀ," ಎಂದಳು ಗಂಡ ಕರೆಯಲು ಬಂದಾಗ. ಮೋಸಕ್ಕಿಂತ ಅವನ ಆ ಒಳ್ಳೆಯ ಮಾತು ಅವಳನ್ನು ಹೆಚ್ಚು ಕೊರೆಯುತ್ತಿತ್ತು.

ಅಷ್ಟಾದರೂ ಅವಳ ಮನಸ್ಸು ಒಪ್ಪಲಿಲ್ಲ. ಬ್ಯಾಂಕಿನಲ್ಲೇ ಏನೋ ತಡವಾಗಿರಬೇಕು, ಅವನು ಫೋನು ಎತ್ತುತ್ತಾನೆ ಎಂದು ಶನಿವಾರ ಭಾನುವಾರ ಕಾದಳು. ಸೋಮವಾರ ಪೊಲೀಸ್ ಠಾಣೆಗೆ ಹೋದಾಗ ಅಲ್ಲಿನ ಮಹಿಳಾ ಪೇದೆ ನೊಂದುಕೊಂಡು, "ಆವತ್ತೇ ಸೈಬರ್ ಸಹಾಯವಾಣಿ 1930ಕ್ಕೆ ಫೋನ್ ಮಾಡಿದ್ರೆ ದುಡ್ಡು ತಡೆಯೋ ದಾರಿ ಇರ್ತಿತ್ತೇನೋ ಅಮ್ಮಾ. ಈಗ ತೆಗೆದುಕೊಂಡುಬಿಟ್ಟಿದ್ದಾರೆ," ಎಂದಳಂತೆ. ದೂರು ಬರೆದುಕೊಂಡರು. ಮುನೀರರಿಗೆ ಹೇಳಿ ಕಳಿಸಿದರೆ ಅವರು ಅರಸೀಕೆರೆಯಲ್ಲಿ ಬೇರೆ ಕಾರಿಗೆ ಮುಂಗಡ ಕೊಟ್ಟಾಗಿತ್ತು.

ಕೆಲ ದಿನಗಳ ಮೇಲೆ ಒಂದು ಆಟೊ ಬಂದು ಮನೆ ಮುಂದೆ ನಿಂತಿತು. ಕಡೂರಿನ ಓಂಕಾರಪ್ಪ ಮತ್ತು ಅವರ ಹೆಂಡತಿ ಇಳಿದರು. ಹೆಂಡತಿಯ ಕೈಯಲ್ಲಿ ಸೇವಂತಿಗೆ ಹಾರ, ನಾಲ್ಕು ನಿಂಬೆಹಣ್ಣು. ಓಂಕಾರಪ್ಪ ನನ್ನ ನಂಬರ್ ಪ್ಲೇಟು ನೋಡಿ ನಕ್ಕರು.

"ಇದೇ ಕಣೇ, ನಮ್ಮ ಗಾಡಿ."

ಗಂಗಾಂಬಿಕೆ ಹೊರಗೆ ಬಂದಳು. "ಯಾರ ಗಾಡಿ?"

"ಇಪ್ಪತ್ತು ಸಾವಿರ ಅಡ್ವಾನ್ಸ್ ಹಾಕಿದೀವಲ್ಲಮ್ಮ! ಎಪ್ಪತ್ತೈದಕ್ಕೆ ಕೊಡ್ತೀನಿ ಅಂತ ನಿಮ್ಮ ಯಜಮಾನ್ರೇ ಆರ್‌ಸಿ ಫೋಟೊ ಕಳಿಸಿದ್ರು. ಅದರಲ್ಲಿ ವಿಳಾಸ ನೋಡ್ಕೊಂಡು ಬಂದ್ವಿ."

"ನಮ್ಮ ಯಜಮಾನ್ರು ಮಂಡಿಯಲ್ಲಿ ಕೊಬ್ಬರಿ ತೂಗ್ತಿದಾರೆ!"

"ನಾಟಕ ಆಡಬೇಡಿ. ಗಂಡ ಹೆಂಡತಿ ಸೇರಿ ಮಾಡಿರೋ ಕೆಲಸ ಇದು," ಎಂದರು ಆ ಹೆಂಗಸು.

ಕಳ್ಳಿ ಎನಿಸಿಕೊಂಡ ಗಂಗಾಂಬಿಕೆ ಒಳಗೆ ಹೋಗಿ ಪೊಲೀಸರು ಕೊಟ್ಟ ದೂರಿನ ಪ್ರತಿ ತಂದು ಹಿಡಿದಳು. ಓದಿದ ಮೇಲೆ ಓಂಕಾರಪ್ಪ ಜಗಲಿಯ ಮೇಲೆ ಕೂತರು. ಅವಳೇ ಇಬ್ಬರಿಗೂ ನೀರು ಕೊಟ್ಟು, ದೂರು ಎಲ್ಲಿ ಕೊಡಬೇಕೆಂದು ಹೇಳಿ, ಎಲೆ ಹಾಕಿ ಊಟ ಬಡಿಸಿದಳು. ಹೋಗುವಾಗ ಆ ಹೆಂಗಸು ಹಾರ, ನಿಂಬೆಹಣ್ಣು ಏನು ಮಾಡುವುದೆಂದು ತಿಳಿಯದೆ ವಾಪಸು ಕೊಂಡೊಯ್ದರು.

ನನಗೆ ಆ ದಿನ ಹೆಚ್ಚು ನೋವಾಯಿತು. ನನ್ನ ಮುಖ ತೋರಿಸಿಯೇ ಆ ಫೋನಿನ ದನಿಯವನು ಒಬ್ಬರ ಹತ್ತಿರ ಮಾರುವವನಾದ, ಇನ್ನೊಬ್ಬರ ಹತ್ತಿರ ಕೊಳ್ಳುವವನಾದ. ಒಮ್ಮೆಯೂ ನನ್ನ ಬಾಗಿಲು ಮುಟ್ಟಲಿಲ್ಲ.

ಈಗ ನನಗೆ ವಯಸ್ಸಾಗಿದೆ. ನನ್ನನ್ನು ಮತ್ತೆ ಮಾರಲು ಅವಳಿಗೆ ಮನಸ್ಸಿಲ್ಲ, ಧೈರ್ಯವೂ ಇಲ್ಲ. ಹಿಂದಿನ ಸೀಟು ಪೂರ್ತಿ ಕಿತ್ತುಹಾಕಿದ್ದಾರೆ. ಒಂದು ಮದುವೆಗೆ ನಾಲ್ಕು ಸಲ ಓಡಾಡುತ್ತೇನೆ. ಮಿಕ್ಕ ಹೊತ್ತು ಗೋಡೆಯ ಮೂಲೆಯಲ್ಲಿ ಬೆಲ್ಲದ ವಾಸನೆ ಹೊತ್ತು ನಿಂತಿರುತ್ತೇನೆ. ನೀವು ಕಾರು ಮಾರುವವರಾದರೆ ಈ ಮುದಿ ಗಾಡಿಯ ಮಾತು ಕೇಳಿ. ನೋಡದೆ ಒಪ್ಪುವವನನ್ನು ನಂಬಬೇಡಿ. ಹೆಚ್ಚಿಗೆ ಬಂತು, ವಾಪಸು ಕೊಡಿ ಎಂದರೆ, ಬಂದಿದೆಯೇ ಎಂದು ನಿಮ್ಮ ಖಾತೆಯನ್ನೇ ತೆರೆದು ನೋಡಿ. ದುಡ್ಡು ನಿಜವಾಗಿ ಬಂದಿದ್ದರೂ ಬ್ಯಾಂಕಿನ ಮೂಲಕವೇ ಹಿಂತಿರುಗಲಿ. ಅದಕ್ಕೆ ಎರಡು ದಿನ ಹಿಡಿದರೆ ಯಾವ ಲಕ್ಷ್ಮಿಯೂ ಮುನಿಯುವುದಿಲ್ಲ.

ನಲವತ್ತೆಂಟು ಸಾವಿರ ಹೋಯಿತು. ಟೆಂಪೊ ಹೋಯಿತು. ಇವನ್ನಾದರೂ ಮತ್ತೆ ದುಡಿಯಬಹುದು. ಆದರೆ ಗಂಗಾಂಬಿಕೆ ಈಗ ಗೊತ್ತಿಲ್ಲದ ನಂಬರಿನ ಫೋನು ಎತ್ತುವುದಿಲ್ಲ. ನನ್ನ ಸ್ಟೀರಿಂಗಿನ ಪಕ್ಕ ಅದು ಹೊಡೆದುಕೊಂಡು ಹೊಡೆದುಕೊಂಡು ನಿಲ್ಲುತ್ತದೆ. ಮದುವೆ ಊಟಕ್ಕೆ ಮೊದಲ ಸಲ ಕೇಳುವವರು ಯಾರೂ ಗೊತ್ತಿರುವ ನಂಬರಿನಿಂದ ಕರೆಯುವುದಿಲ್ಲ. ಅವರು ಬೇರೆ ಅಡುಗೆಯವರ ಹತ್ತಿರ ಹೋಗುತ್ತಾರೆ.