ಹಂಡೆ ಬೆಳಗಿದ ಬೂದಿ

ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಪಕ್ಕದ ತನ್ನ ಬ್ಯಾಟರಿ ಅಂಗಡಿಯಲ್ಲಿ ಚನ್ನೇಶ ಬೆಳಗಿನಿಂದ ಮೂರನೆಯ ಸಲ ಹನ್ನೆರಡು ಬ್ಯಾಟರಿಗಳನ್ನು ಎಣಿಸಿದ. ನಿನ್ನೆಯೂ ಹನ್ನೆರಡಿದ್ದವು, ಇಂದೂ ಹನ್ನೆರಡೇ. ಆದರೂ ಎಣಿಸುವುದರಲ್ಲಿ ಒಂದು ಸುಖವಿತ್ತು. ಟ್ರ್ಯಾಕ್ಟರ್ ಬ್ಯಾಟರಿ ಚಾರ್ಜಿಗೆ ತಂದವರು, ಬಸ್ಸು ತಪ್ಪಿಸಿಕೊಂಡು ನೆರಳಿಗೆ ಬಂದು ನಿಂತವರು, ಯಾರು ಸಿಕ್ಕರೂ ಅವನದು ಒಂದೇ ಸುದ್ದಿ. ಚಂದ್ರಗುತ್ತಿಯಿಂದಾಚೆ, ಕರೆಂಟಿನ ಕಂಬವನ್ನೇ ಕಾಣದ ಹನ್ನೆರಡು ಮನೆಯ ಕೇರಿಗೆ ಈ ದೀಪಾವಳಿಗೆ ಬೆಳಕು ಬರುತ್ತದೆ. ಬಿಸಿಲಿನಿಂದ ಬರುತ್ತದೆ. ಅದೂ ತನ್ನ ಕೈಯಾರೆ ಕಟ್ಟಿದ ಬ್ಯಾಟರಿಯಿಂದ.

"ಹಗಲೆಲ್ಲಾ ಸೋಲಾರ್ ತಗಡು ಬಿಸ್ಲು ಕುಡೀತತಿ, ಸಂಜಿಗೆ ಈ ಪೆಟ್ಟಿಗಿ ಬೆಳಕು ಕೊಡ್ತತಿ. ಹೊಗಿ ಇಲ್ಲ, ಸೀಮೆಎಣ್ಣಿ ವಾಸನಿ ಇಲ್ಲ. ಒಂದು ಇರುವಿಗೂ ತೊಂದ್ರಿ ಇಲ್ಲ ನೋಡ್ರಿ," ಎನ್ನುತ್ತಿದ್ದ. ಹೇಳುವಾಗ ಕೈಯಲ್ಲಿದ್ದ ಸ್ಪ್ಯಾನರು ಗಾಳಿಯಲ್ಲಿ ಕುಣಿಯುತ್ತಿತ್ತು.

ಊಟದ ಡಬ್ಬಿ ತಂದ ಹೆಂಡತಿ ಗಂಗಾಶ್ರೀ ನಕ್ಕಳು. "ಊರಿಗೆಲ್ಲಾ ಬೆಳಕು ಕೊಡ್ತೀರಿ. ನಮ್ಮ ಬಚ್ಚಲ ಬಲ್ಬು ಹೋಗಿ ವಾರ ಆತು."

"ಈ ಹನ್ನೆರಡು ಚೆನ್ನಾಗಿ ಉರಿದ್ರೆ ಸೊರಬದ ಕಡೆ ಇನ್ನೂ ಇಪ್ಪತ್ತು ಕೇರಿ ನನಗೇ ಕೊಡ್ತೀವಿ ಅಂದಾರ ಈ ಸೋಲಾರ್ ಹಾಕ್ಸೋ ಸಂಸ್ಥೆಯವ್ರು. ಬೋರ್ಡು ಬರೆಸೀನಿ, ನೋಡಿದ್ಯಾ?"

ಗೋಡೆಗೆ ಒರಗಿಸಿದ್ದ ತಗಡಿನ ಮೇಲೆ 'ಚನ್ನೇಶ್ ಸೋಲಾರ್' ಎಂಬ ಅಕ್ಷರಗಳು ಇನ್ನೂ ಹಸಿಯಾಗಿದ್ದವು.

"ಕೂಸು ಹುಟ್ಟೋಕ್ಕಿಂತ ಮುಂಚೆ ಕುಲಾವಿ ಹೊಲಿಸಬ್ಯಾಡ್ರಿ," ಎಂದಳು ಗಂಗಾಶ್ರೀ. ಆದರೆ ಬೋರ್ಡಿಗೆ ಸೆರಗು ತಾಗದಂತೆ ಜೋಪಾನವಾಗಿ ಸರಿದು ಹೋದಳು.

ಬ್ಯಾಟರಿಯ ಜೀವವೆಂದರೆ ಅದರೊಳಗಿನ ಸೀಸದ ಪ್ಲೇಟು. ಚನ್ನೇಶನಿಗೆ ಸೀಸ ಬರುತ್ತಿದ್ದುದು ಕೆಂಪಪ್ಪನಿಂದ. ಸೊರಬದ ಕಡೆಯ ಈ ಮಿತಭಾಷಿ ಹನ್ನೊಂದು ವರ್ಷದಿಂದ ತಿಂಗಳಿಗೆರಡು ಸಲ ಬಸ್ಸಿನಲ್ಲಿ ಬಂದು, ಸತ್ತ ಬ್ಯಾಟರಿಗಳನ್ನು ಒಯ್ದು, ಮುಂದಿನ ಸಲ ಗೋಣಿಚೀಲದಲ್ಲಿ ಸೀಸದ ಬಿಲ್ಲೆಗಳನ್ನು ತಂದು ಇಳಿಸುತ್ತಿದ್ದ. ಅವು ಶಿವಮೊಗ್ಗದ ಒಂದು ವರ್ಕ್‌ಶಾಪಿಗೆ ಹೋಗಿ ಹೊಸ ಪ್ಲೇಟಾಗಿ ಮರಳುತ್ತಿದ್ದವು. ಹಳೆಯದು ಹೋಗಿ ಹೊಸದು ಬರುವ ಈ ಏರ್ಪಾಡು ಎಷ್ಟು ಸಲೀಸಾಗಿತ್ತೆಂದರೆ, ನಡುವೆ ಏನಾಗುತ್ತದೆ ಎಂದು ಚನ್ನೇಶ ಯೋಚಿಸಿಯೇ ಇರಲಿಲ್ಲ.

ದೀಪಾವಳಿಯ ನೀರು ತುಂಬುವ ಹಬ್ಬದ ದಿನ ಬೆಳಿಗ್ಗೆಯೇ ಅವನ ಟೆಂಪೋ ಆ ಕೇರಿ ಮುಟ್ಟಿತು. ಎಂಟು ದಿನ ಮೊದಲೇ ಬಂದು ವೈರು ಎಳೆದು ಹೋಗಿದ್ದ. ಇಂದು ತಗಡು ಕೂರಿಸಿ ಬ್ಯಾಟರಿಗೆ ಜೋಡಿಸುವುದಷ್ಟೇ ಬಾಕಿ. ಹೆಂಗಸರು ಮಕ್ಕಳು ಟೆಂಪೋವನ್ನು ದಿಬ್ಬಣ ಬಂದಂತೆ ಎದುರುಗೊಂಡರು. ಮೊದಲ ಮನೆ ಗುಡ್ಡಮ್ಮನದು. ಐವತ್ತು ದಾಟಿದ ಗಟ್ಟಿ ಹೆಂಗಸು. ಕೇರಿಯಲ್ಲಿ ಅವಳ ಮಾತಿಗೆ ಎದುರಾಡುವವರಿರಲಿಲ್ಲ.

ಅಂಗಳದಲ್ಲಿ ಬಚ್ಚಲ ಹಂಡೆಯನ್ನು ಬೋರಲು ಹಾಕಿ ತಿಕ್ಕಿ ಇಟ್ಟಿದ್ದರು. ಸಂಜೆ ಅದಕ್ಕೆ ಹಿಂಡಲಕಾಯಿ ಬಳ್ಳಿ ಸುತ್ತಿ, ಪೂಜೆ ಮಾಡಿ, ಹೊಸ ನೀರು ತುಂಬಬೇಕು. ಮಸಿ ಹಿಡಿದು ಕಪ್ಪಾಗಿರಬೇಕಾದ ತಾಮ್ರದ ಹಂಡೆ ಈಗಷ್ಟೇ ಅಂಗಡಿಯಿಂದ ತಂದಂತೆ ಕೆಂಪಗೆ ಹೊಳೆಯುತ್ತಿತ್ತು.

"ಏನ್ ಗುಡ್ಡಮ್ಮ, ಹೊಸಾ ಹಂಡೆನಾ?"

"ನಮ್ಮತ್ತೆ ಕಾಲದ್ದು ಕಣಾ ತಮ್ಮಾ. ಹೊಳೆ ಆಚೆ ಕೆಂಪಪ್ಪನ ಒಲೆ ಬೂದಿ ತಂದು ತಿಕ್ಕಿದ್ದು. ಹುಣಸೆಹಣ್ಣು ಬ್ಯಾಡ, ಏನೂ ಬ್ಯಾಡ. ಬದನೆ ಗಿಡಕ್ಕೂ ಅದ್ನೇ ಉದುರಿಸ್ತೀವಿ, ಒಂದು ಹುಳ ಹತ್ರ ಬರಲ್ಲ. ಪುಕ್ಕಟೆ ಕೊಡ್ತಾನೆ, ಪುಣ್ಯಾತ್ಮ."

ಚನ್ನೇಶನಿಗೆ ಕೇಳಿಸಿಕೊಳ್ಳುವ ವ್ಯವಧಾನವಿರಲಿಲ್ಲ. ಏಣಿ ಹತ್ತಿ ಹಂಚಿನ ಮೇಲೆ ಕುಳಿತಾಗಿತ್ತು. ತಗಡನ್ನು ದಕ್ಷಿಣಕ್ಕೆ ವಾಲಿಸಿ ಬೋಲ್ಟು ಬಿಗಿದ. ಮೀಟರ್ ಹಿಡಿದರೆ ಮುಳ್ಳು ಥಟ್ಟನೆ ಎದ್ದು ನಿಂತಿತು. ಅವನ ಎದೆಯೂ ಹಾಗೇ ಎದ್ದು ನಿಂತಿತು. "ಬಂತು ನೋಡ್ರಿ," ಎಂದು ಕೂಗಿದ. ಕೆಳಗಿನಿಂದ ಮಕ್ಕಳು ಅದಕ್ಕೆ ದನಿಗೂಡಿಸಿದರು.

ಆಗಲೇ ಅವನಿಗೆ ಎರಡು ಸಂಗತಿ ಕಂಡವು. ಹೊಳೆಯಾಚೆ ಮರಗಳ ನಡುವಿನಿಂದ ಹಳದಿ ಮಿಶ್ರಿತ ಹೊಗೆ ಏಳುತ್ತಿತ್ತು. ಕೆಳಗೆ ಕೊಟ್ಟಿಗೆಯ ಮುಂದೆ ಗುಡ್ಡಮ್ಮನ ಕಡಸು ಸುಮ್ಮನೆ ಸುತ್ತು ಹಾಕುತ್ತಿತ್ತು. ಒಂದು ಸುತ್ತು, ಇನ್ನೊಂದು ಸುತ್ತು, ನಂತರ ಕಂಬಕ್ಕೆ ಹಣೆ ಒತ್ತಿ ನಿಂತು ಹಲ್ಲು ಮಸೆಯಿತು. ಕಣ್ಣು ತೆರೆದೇ ಇತ್ತು, ಆದರೆ ಎದುರಿನ ಕಂಬವೂ ಅದಕ್ಕೆ ಕಾಣುತ್ತಿರಲಿಲ್ಲ.

ಬೆಳಿಗ್ಗೆಯೇ ಹೇಳಿಕಳಿಸಿದ್ದ ದನದ ಡಾಕ್ಟರು ಅಷ್ಟರಲ್ಲಿ ಮೋಟಾರ್ ಸೈಕಲ್ಲಿನಲ್ಲಿ ಬಂದರು. ಕಡಸಿನ ಕಣ್ಣ ಮುಂದೆ ಕೈಯಾಡಿಸಿ, ಬಾಯಿ ಬಿಡಿಸಿ ನೋಡಿದರು.

"ಮಂಗನ ಕಾಯಿಲೆ ದನಕ್ಕೂ ಬತ್ತದಾ ಡಾಕ್ಟ್ರೇ?" ಗುಡ್ಡಮ್ಮ ಕೇಳಿದಳು. ಕ್ಯಾಸನೂರಿನ ಆಸುಪಾಸಿನವರಿಗೆ ಮೊದಲು ಬರುವ ಭಯ ಅದೇ.

"ಅದಲ್ಲಮ್ಮ. ಇದು ಸೀಸದ ವಿಷ. ಹೊಳೆ ಈ ದಂಡೇಲಿ ಈ ವರ್ಷ ಇದು ಮೂರನೇದು. ಬ್ಯಾಟರಿ ಗೀಟರಿ ಒಡೆದು ಸುಟ್ಟ ಬೂದಿ ಏನಾದ್ರೂ ನೆಕ್ಕಿತಾ?"

ಗುಡ್ಡಮ್ಮ ಬಚ್ಚಲ ಪಕ್ಕದ ಬೂದಿಗುಡ್ಡೆಯ ಕಡೆ ನೋಡಿದಳು. ಅದರಲ್ಲಿ ಕಡಸಿನ ಗೊರಸಿನ ಗುರುತುಗಳಿದ್ದವು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಮೇಲೆ ಕುಳಿತ ಚನ್ನೇಶನನ್ನು ಯಾರೂ ಕಳ್ಳ ಎಂದಿರಲಿಲ್ಲ, ಅವನತ್ತ ತಿರುಗಿಯೂ ನೋಡಿರಲಿಲ್ಲ. ಬೂದಿ ಕೆಂಪಪ್ಪನದು, ಬ್ಯಾಟರಿ ಚನ್ನೇಶನದು, ಎರಡಕ್ಕೂ ಗಂಟು ಹಾಕುವವರು ಆ ಕೇರಿಯಲ್ಲಿ ಯಾರಿದ್ದಾರೆ? ಸುಮ್ಮನಿದ್ದರೆ ಸಂಜೆ ಹನ್ನೆರಡು ಮನೆಯಲ್ಲೂ ದೀಪ ಉರಿಯುತ್ತದೆ, ಇಪ್ಪತ್ತು ಕೇರಿಯ ಕೆಲಸ ಕೈಗೆ ಬರುತ್ತದೆ. ಅವನು ಏಣಿಯಲ್ಲಿ ಅರ್ಧ ಇಳಿದು ನಿಂತ. ಡಾಕ್ಟರು ಮನೆಯವರಿಗೆ ಹೇಳುತ್ತಿದ್ದರು, ಈ ವಿಷ ಮಕ್ಕಳ ಮೈಗೆ ಇನ್ನೂ ಬೇಗ ಹತ್ತುತ್ತದೆ ಎಂದು. ಅಂಗಳದಲ್ಲಿ ಒಬ್ಬಳು ಪುಟ್ಟ ಹುಡುಗಿ ಅದೇ ಬೂದಿಯಲ್ಲಿ ತಿಕ್ಕಿದ ತನ್ನ ಲೋಟ ಹೇಗೆ ಹೊಳೆಯುತ್ತದೆಂದು ಎತ್ತಿ ತೋರಿಸುತ್ತಿದ್ದಳು.

ಚನ್ನೇಶ ಕೆಳಗಿಳಿದು ಅವಳ ಕೈಯಿಂದ ಲೋಟ ತೆಗೆದುಕೊಂಡ.

"ಗುಡ್ಡಮ್ಮ, ಹಂಡೆಗೆ ನೀರು ತುಂಬಬ್ಯಾಡ್ರಿ. ಆ ಬೂದಿ ನನ್ನದು."

"ನಿಂದು ಹ್ಯಾಂಗಾತು?"

"ಸತ್ತ ಬ್ಯಾಟರಿ ಕೆಂಪಪ್ಪಂಗೆ ಕೊಡೋನು ನಾನು. ಅವ್ನು ಸುಟ್ಟು ತೆಗೆದ ಸೀಸಾನೇ ಈ ಪೆಟ್ಟಿಗಿಯೊಳಗೆ ಐತಿ."

ಗುಡ್ಡಮ್ಮ ಅವನನ್ನು ದುರುಗುಟ್ಟಿ ನೋಡಿದಳು. "ದೀಪ ಹಚ್ಚಾಕೆ ಬಂದಾನೆ ಅಂತ ನಿನ್ನ ಬಾಯ್ತುಂಬ ಹರಸಿದ್ನಲ್ಲೋ," ಎಂದಳು. ಬೈದಿದ್ದರೆ ಚನ್ನೇಶನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಅಲ್ಲಿಂದ ನೇರ ಹೊಳೆ ದಾಟಿ ಹೋದ. ಒಡೆದ ಬ್ಯಾಟರಿ ಪೆಟ್ಟಿಗೆಗಳ ದೊಡ್ಡ ರಾಶಿ, ಹೊಳೆಯ ಕಡೆ ಹರಿದು ಹುಲ್ಲು ಸುಟ್ಟಿದ್ದ ಆಸಿಡ್ಡಿನ ಜಾಡು, ಕೆಂಡದ ಗುಂಡಿ, ತಿದಿ. ಪೆಟ್ಟಿಗೆಗಳ ಮೇಲೆ ತಾನೇ ಬರೆದ ಬಣ್ಣದ ನಂಬರುಗಳನ್ನು ಚನ್ನೇಶ ಗುರುತು ಹಿಡಿದ. ಮೂಗಿಗೆ ಟವೆಲು ಸುತ್ತಿಕೊಂಡಿದ್ದ ಕೆಂಪಪ್ಪ ಎದ್ದು ನಿಂತ.

"ಇಲ್ಲಿ ಸುಡ್ತೀಯಾ? ಹೊಳೆ ದಂಡೇಲಿ? ಆ ವಿಷದ ಬೂದಿನ ಮನೆ ಮನೆಗೆ ಹಂಚ್ತೀಯಾ?"

"ಮತ್ತೆಲ್ಲಿ ಸುಡ್ಲಿ?" ಕೆಂಪಪ್ಪ ಸಮಾಧಾನದಿಂದಲೇ ಕೇಳಿದ. "ಹನ್ನೊಂದು ವರ್ಷ ಆತು ಚನ್ನೇಶಣ್ಣ, ನಿಮ್ಮಂಗಡಿಗೆ ಚೀಲ ಹೊರಾಕೆ ಹತ್ತಿ. ಎಲ್ಲಿ ಸುಡ್ತೀಯ, ಹ್ಯಾಂಗೆ ಸುಡ್ತೀಯ ಅಂತ ಒಂದಿನ ಕೇಳೀರಾ? ಬೂದಿ ಬ್ಯಾಡ ಅಂದ್ರೂ ಬಂದು ತುಂಬ್ಕಂಡು ಹೋಗ್ತಾರೆ. ವಿಷ ಅಂತ ನಂಗ್ಯಾರು ಹೇಳಿದ್ರು?"

ಟವೆಲು ಬಿಚ್ಚಿದ ಅವನ ಕೈ ನಡುಗುತ್ತಿತ್ತು. ಚನ್ನೇಶನ ಕಣ್ಣು ಅಲ್ಲೇ ನಿಂತದ್ದನ್ನು ಕಂಡು ಕೆಂಪಪ್ಪ ಕೈಯನ್ನು ಹಿಂದೆ ಮಾಡಿಕೊಂಡ.

"ಕುಡುಕನ ಕೈ ಅಂತ ಜನ ಆಡ್ಕಂತಾರೆ. ನಾನು ಹನಿ ಮುಟ್ಟಿದವ್ನಲ್ಲ."

ಚನ್ನೇಶ ಬೈಯಲೆಂದೇ ಬಂದಿದ್ದ. ಆದರೆ ಕೆಂಡದ ಗುಂಡಿಯ ಪಕ್ಕದ ಕಲ್ಲಿನ ಮೇಲೆ ಕುಳಿತುಬಿಟ್ಟ. ಹನ್ನೊಂದು ವರ್ಷ ಆ ನಡುಗುವ ಕೈಯಿಂದಲೇ ಸೀಸ ತೆಗೆದುಕೊಂಡು, ತೂಕ ಸರಿ ಇದೆಯೇ ಎಂದು ಮಾತ್ರ ನೋಡಿದ್ದ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು.

"ಇವತ್ತು ಸಂಜಿ ಕೇರಿಗೆ ಬಾ," ಎಂದ ಕೊನೆಗೆ. "ಇದೂ ಸೀಸದ ವಿಷಾನೇ ಇರಬೇಕು, ಕಡಸು ನೋಡಾಕೆ ಬಂದ ಡಾಕ್ಟ್ರು ಅಲ್ಲೇ ಇರ್ತಾರ, ಕೈ ತೋರ್ಸು. ಆಮೇಲೆ ಮಾತಾಡೋಣ."

ಕೇರಿಗೆ ಮರಳಿದಾಗ ಗಂಡಸರು ಡಾಕ್ಟರು ತೋರಿಸಿದ ಕಡೆ, ಹೊಳೆಯಿಂದ ದೂರದ ಗಟ್ಟಿ ನೆಲದಲ್ಲಿ ಗುಂಡಿ ತೋಡುತ್ತಿದ್ದರು. ಬೂದಿಯನ್ನೂ ಬದನೆ ಗಿಡಗಳನ್ನೂ ಅದಕ್ಕೆ ಹಾಕಿ ಮುಚ್ಚಿದರು. ಹೆಂಗಸರು ಪಾತ್ರೆಗಳನ್ನು ಮತ್ತೆ ತಿಕ್ಕಿ, ಮೂರು ಮೂರು ನೀರಿನಲ್ಲಿ ತೊಳೆದರು. ಚನ್ನೇಶ ಬ್ಯಾಟರಿಗಳನ್ನು ಒಂದೊಂದಾಗಿ ಟೆಂಪೋಗೆ ವಾಪಸು ಏರಿಸತೊಡಗಿದ. ಮೂರನೆಯದನ್ನು ಎತ್ತುವಾಗ ಗುಡ್ಡಮ್ಮ ಬಂದು ಅಡ್ಡ ನಿಂತಳು.

"ಎಲ್ಲಿಗೆ ತಗಂಡ್ ಹೋಗ್ತೀಯ?"

"ಯಾವ ಮುಖ ಇಟ್ಕೊಂಡು ಹಚ್ಚಲಿ ಗುಡ್ಡಮ್ಮ?"

"ಸುಡಾದು ಸುಟ್ಟಾಗೈತೆ. ಈಗ ಅದ್ನ ಶಿಕಾರಿಪುರಕ್ಕೆ ಒಯ್ದು ಇಟ್ರೆ ನನ್ನ ಕಡಸಿಗೆ ಕಣ್ಣು ಬತ್ತದಾ?" ಅವಳು ಸೆರಗಿನಿಂದ ಬ್ಯಾಟರಿಯ ಮೇಲಿನ ಧೂಳು ಒರೆಸಿದಳು. "ನಂಗೆ ಒಂದು ಹೇಳು. ಈ ಪೆಟ್ಟಿಗೆ ಎಷ್ಟು ವರ್ಷ ಬಾಳ್ತದೆ?"

"ನಾಲ್ಕು. ಚೆನ್ನಾಗಿ ನೋಡ್ಕೊಂಡ್ರೆ ಐದು."

"ಆಮೇಲೆ ಇದು ಎಲ್ಲಿಗೆ ಹೋಗ್ತದೆ? ಹೊಳೆ ಆಚೆಗಾ?"

ಪ್ರಶ್ನೆ ಕೇಳಿದ ಕ್ಷಣವೇ ಚನ್ನೇಶನ ತಲೆ ಓಡತೊಡಗಿತು. ಹೊಗೆಯನ್ನು ಹಿಡಿದು ಸೋಸುವ ಚಿಮಣಿಯಿರುವ, ಕೆಲಸಗಾರರ ರಕ್ತ ಪರೀಕ್ಷೆ ಮಾಡಿಸುವ ಒಂದು ದೊಡ್ಡ ಕಾರ್ಖಾನೆ ಹುಬ್ಬಳ್ಳಿಯಾಚೆ ಇರುವುದು ಅವನಿಗೆ ಗೊತ್ತಿತ್ತು. ಅಲ್ಲಿಗೆ ಲಾರಿ ತುಂಬ ಹಳೆಯ ಬ್ಯಾಟರಿ, ಅದೂ ಒಡೆಯದೆ ಕಳಿಸಬೇಕು. ಹೊಸ ಸೀಸ ತಡವಾಗಿ ಬರುತ್ತದೆ, ಬೆಲೆಯೂ ಹೆಚ್ಚು. ಆ ಕಾರಣಕ್ಕೇ ಅವನು ಅತ್ತ ತಲೆ ಹಾಕಿರಲಿಲ್ಲ. ಟೆಂಪೋದಿಂದ ಬಣ್ಣದ ಡಬ್ಬಿ ತಂದು ಬ್ಯಾಟರಿಯ ಮೇಲೆ ಒಂದು ಎಂದು ಬರೆದ, ಕೆಳಗೆ ಗುಡ್ಡಮ್ಮನ ಹೆಸರು ಬರೆದ.

"ಇದು ಸತ್ತ ದಿನ ನನಗೇ ವಾಪಸ್ ಬರಬೇಕು. ಇಡೀ ಪೆಟ್ಟಿಗಿ. ಅದ್ನ ಕೊಟ್ಟ ಮೇಲೇನೇ ಹೊಸದು. ಬ್ಯಾರೆ ಯಾರಿಗಾದ್ರೂ ಕೊಟ್ರೆ ನಾನು ನಿಮ್ಮನಿ ಬಾಗಿಲಿಗೇ ಬಂದು ಕೂರ್ತೀನಿ."

"ಕೂರು. ಕಾಫಿ ಕೊಡ್ತೀನಿ," ಎಂದಳು ಗುಡ್ಡಮ್ಮ. ಬೆಳಗಿನಿಂದ ಅವಳು ನಕ್ಕದ್ದು ಅದೇ ಮೊದಲು.

ಸಂಜೆಯ ಹೊತ್ತಿಗೆ ಹನ್ನೆರಡೂ ಬ್ಯಾಟರಿಗಳಿಗೆ ಹೆಸರು ಬಿದ್ದು, ಮನೆ ಮನೆಗೆ ಜೋಡಿಸಿಯಾಗಿತ್ತು. ಹಂಡೆ ಈಗ ಅಷ್ಟೇನೂ ಹೊಳೆಯುತ್ತಿರಲಿಲ್ಲ. ಹಾಗಿದ್ದ ಹಂಡೆಗೇ ಬಳ್ಳಿ ಸುತ್ತಿ, ಪೂಜೆ ಮಾಡಿ ನೀರು ತುಂಬಿದರು. ಗುಡ್ಡಮ್ಮ ಸ್ವಿಚ್ಚು ಒತ್ತಿದಾಗ ಮೊಳದುದ್ದದ ಟ್ಯೂಬ್‌ಲೈಟು ಒಮ್ಮೆ ಮಿಣಕಾಡಿ ಹತ್ತಿಕೊಂಡಿತು. ಮಕ್ಕಳ ಗದ್ದಲಕ್ಕೆ ಹಕ್ಕಿಗಳು ಮರ ಬಿಟ್ಟು ಎದ್ದವು. ನಾಚಿಕೆ ಇನ್ನೂ ಆರದಿದ್ದ ಚನ್ನೇಶನ ಎದೆಯೊಳಗೂ ಸಂತೋಷ ತಡೆಯಲಾರದಷ್ಟು ಉಕ್ಕಿತು. ಕೆಂಪಪ್ಪ ಅಂಗಳದ ತುದಿಯಲ್ಲಿ ಕೈ ಮುಚ್ಚಿಕೊಂಡು ನಿಂತಿದ್ದ. ಡಾಕ್ಟರು ಅವನಿಗೆ ಶಿವಮೊಗ್ಗದ ದೊಡ್ಡಾಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಒಡೆಯುವುದನ್ನು ಬಿಟ್ಟು ಊರೂರಿನ ಹಳೆಯ ಬ್ಯಾಟರಿ ಕೂಡಿಸಿ ತರುತ್ತೀಯಾ ಎಂದು ಚನ್ನೇಶ ಕೇಳಿದ್ದಕ್ಕೆ ಮಾತ್ರ ಅವನು ಹೂಂ ಅನ್ನಲಿಲ್ಲ, ಊಹೂಂ ಎನ್ನಲೂ ಇಲ್ಲ.

ಕಡಸು ಬದುಕಿತು. ಕಣ್ಣು ಬರಲಿಲ್ಲ. ಪಾಡ್ಯದ ದಿನ ಗುಡ್ಡಮ್ಮ ಮೊದಲ ಹಾರವನ್ನು ಅದರ ಕೊರಳಿಗೇ ಹಾಕಿದಳೆಂದು ಚನ್ನೇಶನಿಗೆ ಸುದ್ದಿ ಬಂತು. ಇನ್ನು ಮುಂದೆ ತನ್ನ ಬ್ಯಾಟರಿ ತಡವಾಗುತ್ತದೆ, ತುಟ್ಟಿಯೂ ಆಗುತ್ತದೆ, ಕಾರಣ ಇಂಥದು ಎಂದು ಅವನು ಸಂಸ್ಥೆಗೆ ಪತ್ರ ಬರೆದಿದ್ದ. ಉತ್ತರ ಬಂದಿರಲಿಲ್ಲ. 'ಚನ್ನೇಶ್ ಸೋಲಾರ್' ಬೋರ್ಡು ಇನ್ನೂ ಗೋಡೆಗೆ ಒರಗಿಕೊಂಡೇ ಇತ್ತು.

ಹಬ್ಬ ಕಳೆದ ಎರಡನೆಯ ವಾರ, ಸೊರಬದ ಬಸ್ಸಿನಿಂದ ಕೆಂಪಪ್ಪ ಇಳಿದ. ಭುಜದ ಮೇಲೆ ಅದೇ ಗೋಣಿಚೀಲ. ಬಂದವನೇ ಅದನ್ನು ಅಂಗಡಿಯ ನೆಲಕ್ಕೆ ಇಳಿಸಿದ. ಮತ್ತೆ ಸೀಸ ತಂದನೇ ಎಂದು ಚನ್ನೇಶ ಎದ್ದು ನಿಂತ. ತೂಕದ ಸದ್ದು ಮೊದಲಿನಂತೆಯೇ ಇತ್ತು.

ಕೆಂಪಪ್ಪ ಚೀಲದ ಬಾಯಿ ಬಿಚ್ಚಿದ. ಒಳಗೆ ಒಂದು ಇಡೀ ಬ್ಯಾಟರಿ ಇತ್ತು, ಒಂದು ಮೂಲೆಯೂ ಒಡೆಯದ್ದು. ಅದರಿಂದ ತುಳುಕಿದ ಆಸಿಡ್ಡು ಚೀಲದ ತಳವನ್ನೂ ಅವನ ಪಂಚೆಯ ಅಂಚನ್ನೂ ತಿಂದುಹಾಕಿತ್ತು.

"ಒಡೆಯಾದು ಸಲೀಸು ಕಣ್ರೀ ಚನ್ನೇಶಣ್ಣ. ಒಡೀದಂಗೆ ತರಾದೇ ಕಷ್ಟ," ಎಂದ.

ಚನ್ನೇಶ ಒಳಗಿನಿಂದ ಸ್ಟೂಲು ತಂದು ಹಾಕಿದ. ನೀರಿನ ಚೊಂಬು ಕೊಟ್ಟ. ತಾನೂ ಎದುರಿಗೆ ನೆಲದ ಮೇಲೆ ಕುಳಿತು, ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ:

"ಇದನ್ನ ಎಲ್ಲಿಂದ ತಂದಿ, ಕೆಂಪಪ್ಪ?"

ಕೆಂಪಪ್ಪ ನೀರು ಕುಡಿದು, ಬಾಯಿ ಒರೆಸಿಕೊಂಡು, ಮೊದಲಿನಿಂದ ಹೇಳತೊಡಗಿದ.