ಪಾತುಮ್ಮನ ತಗಡು

ಬೀಡಿಯ ಎಲೆ ಕತ್ತರಿಸುವಾಗ ಅದರ ಮೇಲೊಂದು ತಗಡಿನ ತುಂಡು ಇಟ್ಟು, ಅಂಚಿಗೆ ಸರಿಯಾಗಿ ಕತ್ತರಿ ಓಡಿಸಬೇಕು. ಬಂಟ್ವಾಳದ ಗುಡ್ಡೆಬದಿಯ ಕೇರಿಗೆ ಆ ಕೆಲಸ ತಂದವಳು ಸೇಸಮ್ಮ. ಪಾಣೆಮಂಗಳೂರಿನ ಪಾತುಮ್ಮನ ಜಗಲಿಯಲ್ಲಿ ಕಲಿತು ಬಂದು, ಒಬ್ಬೊಬ್ಬರಂತೆ ಎಂಟು ಹೆಂಗಸರಿಗೆ ಕಲಿಸಿದ್ದಳು. ಕಲಿತು ಏಳುವವಳಿಗೆ ಕಲಿಸಿದವಳು ತನ್ನ ಕೈಯ ತಗಡನ್ನೇ ಕೊಡಬೇಕು, ಕೈಗುಣ ಅದರ ಜೊತೆ ಹೋಗುತ್ತದೆ ಎಂಬುದು ಪಾತುಮ್ಮ ಹಾಕಿಕೊಟ್ಟ ಕ್ರಮ. ಸೇಸಮ್ಮ ಅದನ್ನು ದೇವರಿಗೆ ದೀಪ ಇಟ್ಟಷ್ಟೇ ಭಕ್ತಿಯಿಂದ ನಡೆಸಿದಳು. ಕೊಡುವ ಮೊದಲು ತಗಡನ್ನು ಹಳೆಯ ಡಬ್ಬದ ಮೇಲಿಟ್ಟು, ಸುತ್ತ ಮೊಳೆಯಿಂದ ಗೀರಿ, ತನಗೊಂದು ಹೊಸದು ಕತ್ತರಿಸಿಕೊಳ್ಳುತ್ತಿದ್ದಳು.

ಅರವತ್ತನಾಲ್ಕರ ಮಳೆಗಾಲ ಮುಗಿಯುತ್ತಿದ್ದಂತೆ, ಎಲೆ ಕೊಟ್ಟು ಬೀಡಿ ಒಯ್ಯುವ ಹಸನಬ್ಬ ಅವಳ ಜಗಲಿಯಲ್ಲಿ ಎರಡು ಕಟ್ಟು ಬಿಚ್ಚಿಟ್ಟ.

"ಒಂದು ಉದ್ದ, ಒಂದು ಗಿಡ್ಡ. ಇದು ಬೀಡಿಯೋ, ಮದುವೆಗೆ ಬಂದ ನೆಂಟರೋ? ಬರುವ ಬುಧವಾರಕ್ಕೆ ಎಲ್ಲ ಒಂದೇ ಅಳತೆಗೆ ಬಾರದಿದ್ರೆ ಈ ಕೇರಿಗೆ ಎಲೆ ಇಲ್ಲ, ಸೇಸಮ್ಮ."

ಒಂಬತ್ತು ಮನೆಗಳ ಗಂಜಿ ಆ ಎಲೆಯಲ್ಲಿತ್ತು. ಗಿಡ್ಡ ಬೀಡಿ ಯಾರದೆಂದು ಸೇಸಮ್ಮನಿಗೆ ಗೊತ್ತು. ಮೊದಲು ಕಲಿತವಳು, ನಿಧಾನದವಳು, ವಾರಿಜಾಕ್ಷಿ.

"ಗಿಡ್ಡ ಕತ್ತರಿಸಿ ಎಲೆ ಕದ್ದಿಟ್ಕೊಳ್ತೀಯಾ ನೀನು?" ಅವಳ ಬಾಗಿಲಲ್ಲೇ ನಿಂತು ಕೇಳಿದಳು.

ವಾರಿಜಾಕ್ಷಿಯ ಮುಖ ಸಣ್ಣದಾಯಿತು. "ನೀವು ಕೊಟ್ಟ ತಗಡೇ ಸೇಸಕ್ಕ. ನನ್ನನ್ನು ಕಳ್ಳಿ ಮಾಡ್ಬೇಡಿ."

ಪಕ್ಕದ ಮನೆಯ ತುಕ್ರಪ್ಪ ಮಾಸ್ತರರು ಮೂಡುಬಿದಿರೆಯಲ್ಲಿ ಹೈಸ್ಕೂಲು ಓದಿದವರು. ಶಾಲೆಯ ಅಡಿಕೋಲು ತಂದು ಇಬ್ಬರ ತಗಡನ್ನೂ ಅಳೆದರು. "ಕಾಲು ಇಂಚು ವ್ಯತ್ಯಾಸ ಉಂಟು. ಆದ್ರೆ ಯಾವುದು ಸರಿ ಅಂತ ಈ ಕೋಲು ಹೇಳುದಿಲ್ಲ. ಇಂಗ್ಲಿಷಿನಲ್ಲಿ ಪ್ಯಾರಡೈಮ್ ಅಂತ ಒಂದು ಶಬ್ದ ಉಂಟು. ಉಳಿದದ್ದನ್ನೆಲ್ಲ ಯಾವುದರ ಪಕ್ಕ ಇಟ್ಟು ನೋಡ್ತೇವೋ, ಅದು. ನಿಮ್ಮಲ್ಲಿ ಅದು ಯಾವುದು?"

"ಮತ್ತೆ ಯಾವುದು ಮಾಸ್ಟ್ರೇ? ನನ್ನದೇ ಅಲ್ವಾ?"

"ನಿಮಗೆ ಕಲಿಸಿದವರನ್ನೇ ಕೇಳಿ," ಎಂದು ಮಾಸ್ತರರು ಎರಡೂ ತಗಡನ್ನು ಅವಳ ಕೈಗಿಟ್ಟರು. ಆ ಮಾತೇ ಅವಳನ್ನು ಮರುದಿನ ವಾರಿಜಾಕ್ಷಿಯ ಜೊತೆ ಪಾಣೆಮಂಗಳೂರಿನ ಸೇತುವೆ ದಾಟಿಸಿತು.

ಪಾತುಮ್ಮನ ಕಣ್ಣು ಮಂಜಾಗಿತ್ತು. ತಗಡುಗಳನ್ನು ಮಡಿಲಲ್ಲಿಟ್ಟುಕೊಂಡು ಬೆರಳಿಂದ ಅಂಚು ಸವರಿದಳು. ಒಂದರ ಮೂಲೆಯಲ್ಲಿ ಸಣ್ಣ ತೂತು ಸಿಕ್ಕಿತು. ಮುಖವೆಲ್ಲ ನಗೆಯಾಯಿತು.

"ಇದು ನಂದು! ನೂಲು ಕಟ್ಲಿಕ್ಕೆ ತೂತು ಮಾಡಿದ್ದು. ಹಸನಬ್ಬನ ಅಪ್ಪನೇ ಅಳತೆಗೆ ಅಂತ ತಂದುಕೊಟ್ಟ ತಗಡು ಇದು." ಮತ್ತೊಂದನ್ನು ಸವರಿ ಹುಬ್ಬು ಗಂಟಿಕ್ಕಿದಳು. "ಈ ದೊಡ್ಡ ಹೊಟ್ಟೆಯದ್ದು ಯಾರದ್ದು?"

ತೂತಿನ ತಗಡು ವಾರಿಜಾಕ್ಷಿಯದಾಗಿತ್ತು.

"ನನ್ನದು," ಎಂದಳು ಸೇಸಮ್ಮ. ಮೊಳೆಯ ಗೆರೆ ಪ್ರತಿಸಲವೂ ತಗಡಿನ ಹೊರಗೇ ಬೀಳುತ್ತಿತ್ತು, ತಾನು ಪ್ರತಿಸಲವೂ ಆ ಗೆರೆಯ ಮೇಲೆಯೇ ಕತ್ತರಿಸಿದ್ದೆ ಎಂಬುದು ಅವಳಿಗೆ ಆಗ ಹೊಳೆಯಿತು. ಎಂಟು ಸಲ. ಒಂದೊಂದು ಸಲ ಒಂದೊಂದು ನೂಲಿನಷ್ಟು.

ಪಾತುಮ್ಮ ಅವಳ ಕೈ ಹಿಡಿದಳು. "ಒಳ್ಳೆಯದನ್ನೆಲ್ಲ ಕೊಟ್ಟುಬಿಟ್ಟೆ ಮಗಳೇ, ಕಡೆಯದ್ದು ನಿನಗೆ ಉಳಿಯಿತು. ನಾನೂ ಹಾಗೇ ಕೊಟ್ಟವಳು. ಈಗ ನನ್ನ ಕೈಯಲ್ಲಿರುವುದು ಹೇಗುಂಟೋ, ದೇವರಿಗೇ ಗೊತ್ತು."

ಸೇತುವೆಯ ಮೇಲೆ ಸೇಸಮ್ಮ ನಿಂತಳು. ಕೆಳಗೆ ನೇತ್ರಾವತಿ ಕೆಂಪಗೆ ಹರಿಯುತ್ತಿತ್ತು. "ವಾರಿಜಾ, ನಾನು ಆಡಿದ ಮಾತು..."

"ಬಿಡಿ ಸೇಸಕ್ಕ, ನಡೆಯುವ. ಗಂಜಿಗೆ ಇಡ್ಬೇಕು."

ಸೇಸಮ್ಮ ಬಿಡಲಿಲ್ಲ. ಸಂಜೆ ಎಲ್ಲರನ್ನೂ ತನ್ನ ಜಗಲಿಗೆ ಕರೆದು, ತಾನು ಯಾವಾಗಲೂ ಕೂರುವ ಮಣೆಯನ್ನು ವಾರಿಜಾಕ್ಷಿಗೆ ಹಾಕಿದಳು. "ತಪ್ಪಿದ್ದು ನಾನು. ಸರಿ ಇರುವುದು ಇವಳದ್ದು," ಎಂದು, ಹೊಸ ಡಬ್ಬ ಬಿಡಿಸಿ ಅವಳೆದುರು ನೆಲದಲ್ಲಿ ಕೂತಳು. ಬುಧವಾರಕ್ಕೆ ಇನ್ನೂ ಮೂರು ದಿನವಿತ್ತು. ವಾರಿಜಾಕ್ಷಿಯ ತಗಡಿನ ಸುತ್ತ ಗೀರಿ ಆಯಿತು, ಕತ್ತರಿ ಎತ್ತಿದಳು.

ವಾರಿಜಾಕ್ಷಿ ಮೆಲ್ಲನೆ ಬಗ್ಗಿದಳು. "ಗೆರೆಯ ಒಳಗೆ, ಸೇಸಕ್ಕ."